ಓಡಾಡುವ ಹುಡುಗನಿಗೆ ಪಿ.ಟಿ. ಕಟ್!

ಮಗನ ಡೈರಿ ಈಗಷ್ಟೇ ನೋಡಿದೆ. ಕೆಂಪು ಇಂಕಲ್ಲಿ ಎರಡು ಸಾಲು. "ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲ. ಈ ವಾರ ಪಿ.ಟಿ. ಪೀರಿಯಡ್‌ಗೆ ಕಳುಹಿಸುವುದಿಲ್ಲ." ಕೆಳಗೆ ಪೋಷಕರ ಸಹಿಗೆ ಜಾಗ. ಸಹಿ ಹಾಕಿಲ್ಲ. ಮೊದಲು ಇಲ್ಲಿ ಕಾರಿಕೊಂಡು ಬಿಡುತ್ತೇನೆ, ಆಮೇಲೆ ನೋಡೋಣ.

ಹಳೇ ಸ್ನೇಹಿತರಿಗೆ ನಮ್ಮ ಕಥೆ ಗೊತ್ತು. ತುಮಕೂರಿನಿಂದ ಬೆಳಗಿನ ಟ್ರೈನ್ ಹಿಡಿದು ನಿಮ್ಹಾನ್ಸ್‌ಗೆ ಓಡಾಡಿದ್ದು, ಎಡಿಎಚ್‌ಡಿ ಅಂತ ಗೊತ್ತಾಗಿದ್ದು, ಎಲ್ಲ. ಹೊಸಬರಿಗೆ ಇಷ್ಟು ಸಾಕು: ಗಮನ ಒಂದು ಕಡೆ ನಿಲ್ಲುವುದಿಲ್ಲ, ಕೈಕಾಲು ಸುಮ್ನಿರುವುದಿಲ್ಲ, ಬಾಯಿ ತನ್ನ ಸರದಿ ಬರುವ ತನಕ ಕಾಯುವುದಿಲ್ಲ. ಇದು ಕೊಬ್ಬು ಅಲ್ಲ, ಮಿದುಳು ಬೆಳೆಯುವ ರೀತಿಯೇ ಸ್ವಲ್ಪ ಬೇರೆ. ನೂರರಲ್ಲಿ ಸುಮಾರು 5 ಮಕ್ಕಳಿಗೆ ಇರುತ್ತದೆ ಎಂಬ ಅಂದಾಜಿದೆ. ಅಂದರೆ 40 ಮಕ್ಕಳ ಕ್ಲಾಸಿಗೆ ಇಬ್ಬರು. ನಮ್ಮವನ ಕ್ಲಾಸಲ್ಲಿ ಆ ಇನ್ನೊಬ್ಬರು ಯಾರೋ? ಕಿಟಕಿಯಾಚೆ ನೋಡುತ್ತಾ ಕೂತ ಯಾವುದೋ ಹುಡುಗಿ ಇರಬಹುದು. ಗಲಾಟೆ ಮಾಡುವುದಿಲ್ಲ, ಹಾಗಾಗಿ ಅವಳ ಡೈರಿ ಖಾಲಿ.

ತಮಾಷೆ ಕೇಳಿ. ಮನೆಯಲ್ಲಿ ಮಾತ್ರ ತೊಂದರೆ ಇದ್ದರೆ ಡಾಕ್ಟರು ಇದನ್ನು ಎಡಿಎಚ್‌ಡಿ ಅನ್ನುವುದಿಲ್ಲ. ಶಾಲೆಯಲ್ಲೂ ಹಾಗೇನಾ ಎಂದು ನೋಡಲೇಬೇಕು. ಅದಕ್ಕೇ ಟೀಚರ್ ತುಂಬಲು ಒಂದು ಫಾರ್ಮ್ ಕೊಟ್ಟಿದ್ದರು. 'ಕೂರಬೇಕಾದ ಹೊತ್ತಲ್ಲಿ ಜಾಗ ಬಿಟ್ಟು ಏಳುತ್ತಾನೆ' ಎಂಬುದರ ಮುಂದೆ 'ತುಂಬಾ ಸಲ' ಅಂತ ಟಿಕ್ ಹಾಕಿದ್ದು ಇದೇ ಶಾಲೆ. ಆ ಟಿಕ್ ನೋಡಿಯೇ ಡಾಕ್ಟರು ತೀರ್ಮಾನಕ್ಕೆ ಬಂದಿದ್ದು. ರಿಪೋರ್ಟಿನ ಜೆರಾಕ್ಸ್ ಶಾಲೆಯ ಆಫೀಸಿನಲ್ಲೇ ಇದೆ. ಈಗ ಅದೇ ಲಕ್ಷಣಕ್ಕೆ ಅದೇ ಶಾಲೆಯಿಂದ ಶಿಕ್ಷೆ! ಬೋರ್ಡ್ ಸರಿಯಾಗಿ ಓದಲಿಲ್ಲ ಅಂತ ಹುಡುಗನ ಕನ್ನಡಕ ಕಿತ್ತಿಟ್ಟುಕೊಂಡ ಹಾಗೆ.

ಅದೂ ಎಂಥ ಶಿಕ್ಷೆ! ವಾರಕ್ಕೆ ಇರುವುದೇ ಎರಡು ಪಿ.ಟಿ. ಪೀರಿಯಡ್. ಒಂದನ್ನು ಗಣಿತದ ಮೇಡಂ 'ಪೋರ್ಶನ್ ಮುಗಿದಿಲ್ಲ' ಅಂತ ಎಗರಿಸುತ್ತಾರೆ. (ನಾವು ಓದುವಾಗಲೂ ಹೀಗೇ ಇತ್ತು ಅಲ್ವಾ? ಸರ್ಕಾರಗಳು ಬದಲಾದವು, ಸಿಲಬಸ್ ಬದಲಾಯಿತು, ಇದೊಂದು ಬದಲಾಗಲಿಲ್ಲ.) ಉಳಿದ ಒಂದಕ್ಕೆ ಈಗ ಕತ್ತರಿ.

2013ರಲ್ಲಿ ಅಮೆರಿಕದ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. 8ರಿಂದ 10 ವರ್ಷದ 40 ಮಕ್ಕಳು, ಅರ್ಧದಷ್ಟು ಮಕ್ಕಳಿಗೆ ಎಡಿಎಚ್‌ಡಿ. ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಕೂರಿಸಿ ಓದಿಸಿದರು. ನಡೆದ ದಿನ ಮಕ್ಕಳು ಓದಿದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲೂ ಲೆಕ್ಕದಲ್ಲೂ ಚೆನ್ನಾಗಿ ಮಾಡಿದರು. ಅಲ್ಲಿನ ಮಕ್ಕಳ ವೈದ್ಯರ ಸಂಘ ಅದೇ ವರ್ಷ, ಶಿಕ್ಷೆ ಅಂತಲೋ ಪಾಠ ಬಾಕಿ ಇದೆ ಅಂತಲೋ ಮಕ್ಕಳ ಆಟದ ಬಿಡುವನ್ನು ಕಿತ್ತುಕೊಳ್ಳಬೇಡಿ ಎಂದು ಶಾಲೆಗಳಿಗೆ ಹೇಳಿತು. ಗಣಿತದ ಮೇಡಂ, ಓದುತ್ತಿದ್ದೀರಾ? ನಿಮ್ಮ ಲೆಕ್ಕ ಅವನ ತಲೆಗೆ ಹೋಗಬೇಕು ಅಂದರೂ ಮೊದಲು ಅವನು ಓಡಬೇಕು.

ನಮ್ಮ ಪಿ.ಟಿ. ಸರ್‌ಗೆ ಈ ಅಧ್ಯಯನ ಗಿಧ್ಯಯನ ಏನೂ ಬೇಕಾಗಿಲ್ಲ. ಮೊನ್ನೆ ಗೇಟಿನ ಹತ್ತಿರ ಸಿಕ್ಕಿದಾಗ ಅಂದರು, "ಮೇಡಂ, ಖೋಖೋದಲ್ಲಿ ಇವನಷ್ಟು ಚೆನ್ನಾಗಿ ಕೂರೋರು ಯಾರೂ ಇಲ್ಲ." ಕೂರೋದು! ನನಗೆ ನಗು ಬಂತು. ಆದರೆ ಯೋಚನೆ ಮಾಡಿದರೆ ಸರಿಯೇ. ಖೋಖೋದಲ್ಲಿ ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನ ಹಿಂದಿನಿಂದ 'ಖೋ' ಬೀಳುವ ತನಕ ಏಳುವ ಹಾಗಿಲ್ಲ. ಮುಂಚೆ ಎದ್ದರೆ ಫೌಲ್. ನಮ್ಮ ಮಗರಾಯ ಅಲ್ಲಿ ಏಳುವುದಿಲ್ಲ. ಯಾಕೆಂದರೆ ಕಾಯುವುದು ಸ್ವಲ್ಪ ಹೊತ್ತು, ನಿಯಮ ಒಂದೇ, ಕಾದಿದ್ದಕ್ಕೆ ಓಟ ಕೂಡಲೇ ಸಿಗುತ್ತದೆ. ಈ ಮಕ್ಕಳಿಗೆ ಪಾಠ ಹೇಗೆ ಮಾಡಬೇಕು ಅಂತ ತಜ್ಞರು ಹೇಳುವುದೂ ಹೆಚ್ಚುಕಡಿಮೆ ಇಷ್ಟೇ. ಚಿಕ್ಕ ಚಿಕ್ಕ ತುಂಡು, ಒಂದು ಸಲಕ್ಕೆ ಒಂದೇ ಮಾತು, ಮಾಡಿದ ಕೂಡಲೇ ಶಹಬ್ಬಾಸ್.

"ಮೊಬೈಲ್ ಕೊಟ್ಟರೆ ಗಂಟೆಗಟ್ಟಲೆ ಕೂರ್ತಾನಲ್ಲ?" ಅನ್ನುವವರಿಗೂ ಇದೇ ಉತ್ತರ. ಅದರಲ್ಲಿ ಕ್ಷಣಕ್ಕೊಂದು ಬಹುಮಾನ. ಗಮನವೇ ಇಲ್ಲ ಎಂದಲ್ಲ, ಬೇಕಾದ ಕಡೆ ತಿರುಗಿಸಿ ನಿಲ್ಲಿಸುವುದು ಕಷ್ಟ.

ಟೀಚರ್ ಪರವಾಗಿ ಮಾತಾಡುವವರು ಇದ್ದೀರಿ, ಗೊತ್ತು. ನನ್ನ ಓರಗಿತ್ತಿಯೇ ಟೀಚರ್. ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು ಟೀಚರ್ ಅನ್ನುತ್ತದೆ, ಇವನ ಕ್ಲಾಸಲ್ಲಿ 44 ಇದ್ದಾರೆ. ಒಪ್ಪಿದೆ, ಕಷ್ಟ. ಆದರೆ ಅವನನ್ನು ಬಾಗಿಲ ಪಕ್ಕದ ಬೆಂಚಿನಿಂದ ಮೊದಲ ಬೆಂಚಿಗೆ ತರಲು ಎಷ್ಟು ಹೊತ್ತು ಬೇಕು? 'ಹೋಗಿ ಸ್ಟಾಫ್ ರೂಮಿನಿಂದ ಚಾಕ್‌ಪೀಸ್ ತಾ' ಅಂತ ನಡುವೆ ಎಬ್ಬಿಸಿ ಕಳಿಸಲು ಬಿ.ಎಡ್. ಬೇಕಾ? ಹತ್ತು ಲೆಕ್ಕದ ಬದಲು ಐದೈದು ಕೊಟ್ಟರೆ ಪೋರ್ಶನ್ ಎಲ್ಲಿ ಓಡಿಹೋಗುತ್ತದೆ? ಆ ಕೆಂಪು ಸಾಲು ಬರೆಯಲು ಸಿಕ್ಕ ಪುರುಸೊತ್ತು ಇದಕ್ಕೆ ಸಾಕು.

ಇನ್ನು 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಎರಡು ಬಿಟ್ಟರೆ ಸರಿ ಹೋಗ್ತಿದ್ರು' ಪಾರ್ಟಿ. 1902ರಲ್ಲೇ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದಾರೆ. ನಿಮ್ಮ ಕಾಲದಲ್ಲೂ ಇದ್ದರು ಸ್ವಾಮಿ. ಪೋಲಿ, ಉಡಾಳ ಅನ್ನಿಸಿಕೊಂಡು ಏಳನೇ ಕ್ಲಾಸಿಗೇ ಶಾಲೆ ಬಿಟ್ಟರು. ನಿಮ್ಮ ಬ್ಯಾಚಿನ ಗ್ರೂಪ್ ಫೋಟೋದಲ್ಲಿ ಅವರಿಲ್ಲ, ಅಷ್ಟೇ.

ಒಂದು ವಿಷಯ ಹೇಳಿಬಿಡುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ ಶಾಲೆಯ ನಂಬರ್ ಬಂದರೆ ಹೊಟ್ಟೆಯೆಲ್ಲ ಕಲಸಿದ ಹಾಗಾಗುತ್ತದೆ. ಪೇರೆಂಟ್ಸ್ ಮೀಟಿಂಗಲ್ಲಿ ಎರಡು ನಿಮಿಷಕ್ಕೆ ನಗುತ್ತಾ ಹೊರಗೆ ಬರುವ ತಾಯಂದಿರನ್ನು ಕಂಡರೆ ಹೊಟ್ಟೆಕಿಚ್ಚು. ಮಗ ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಮಾತ್ರೆ ತಗೊಳ್ಳುತ್ತಾನೆ, ಅತ್ತೆಯವರಿಗೆ ವಿಟಮಿನ್ ಅಂತ ಹೇಳಿದ್ದೇನೆ. ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವಂಥದ್ದು, ಚೀಟಿಯ ಒಂದು ಪ್ರತಿ ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ, ಎಲ್ಲ ಕಡೆ ಸಿಗುವುದೂ ಇಲ್ಲ. ಅತ್ತೆ ಫೇಸ್‌ಬುಕ್‌ನಲ್ಲಿ ಇಲ್ಲ. ನಾದಿನಿ ಇದ್ದಾರೆ, ಹೇಳಿದರೆ ಹೇಳಲಿ.

ಇಷ್ಟೆಲ್ಲ ಒದ್ದಾಡಿ ಮಾತ್ರೆಯ ಕೆಲಸ ನಾವು ಮಾಡಿದರೆ, ಬೆಂಚಿನ ಕೆಲಸ ಶಾಲೆ ಮಾಡಬೇಡವಾ? ಕೇಳಿದರೆ ಆಫೀಸಿನವರು "ಅಂಗವಿಕಲ ಸರ್ಟಿಫಿಕೇಟ್ ಇದ್ದರೆ ತನ್ನಿ" ಅನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಹೆಸರಿಲ್ಲ. ಎಲ್ಲಿಂದ ತರಲಿ? ಅಷ್ಟಕ್ಕೂ ಖೋಖೋ ಆಡಲು ಯಾವ ಸರ್ಟಿಫಿಕೇಟ್ ಬೇಕು?

ಡೈರಿಯಲ್ಲಿ ಸಹಿಯ ಜಾಗದಲ್ಲಿ ಹೀಗೆ ಬರೆಯುತ್ತಿದ್ದೇನೆ: "ಬೇರೆ ಯಾವ ಶಿಕ್ಷೆ ಬೇಕಾದರೂ ಮಾತಾಡೋಣ. ಪಿ.ಟಿ. ಪೀರಿಯಡ್ ಮುಟ್ಟುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸೋಮವಾರ ಬರುತ್ತೇನೆ." ಅದೂ ಕೆಂಪು ಇಂಕಲ್ಲೇ.

ಕಾಮೆಂಟಲ್ಲಿ ಬಾದಾಮಿ, ಒಂದೆಲಗ ಅಂತ ಶುರು ಮಾಡಬೇಡಿ. ಒಂದೆಲಗದ ತಂಬುಳಿ ಮಾಡುತ್ತಲೇ ಇರುತ್ತೇನೆ, ರುಚಿಗೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಪಿ.ಟಿ. ಕಟ್ ಮಾಡ್ತಾರಾ? ಯಾರಾದರೂ ಹೋಗಿ ಜಗಳ ಆಡಿ ವಾಪಸ್ ತಗೊಂಡಿದ್ದೀರಾ? ಹೇಗೆ ಅಂತ ಸೋಮವಾರದ ಒಳಗೆ ಹೇಳಿ.