ಬ್ರೆಡ್ಡಿನೊಳಗೆ ಕಾರೈಕುಡಿ

2025ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರವು ಹಸಿ ಮೊಟ್ಟೆಗೆ ಎಣ್ಣೆ ಬೆರೆಸಿ ಕಡೆದ ಕ್ರೀಮಾದ ಮೇಯನೇಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದಾಗ ಸಾರ್ವಜನಿಕರ ಹೊಟ್ಟೆಗಳು ಸುರಕ್ಷಿತವಾದುವೇನೋ ನಿಜ, ಆದರೆ ಚೆನ್ನೈಯ ವೇಳಚೇರಿಯ ನಮ್ಮ ಅಡುಗೆಮನೆಯ ನೆಮ್ಮದಿ ಅಂದೇ ಕೆಟ್ಟಿತು. ಬೇಕರಿಯ ಕ್ರೀಮ್ ಚಿಕನ್ ಸ್ಯಾಂಡ್‌ವಿಚ್ಚಿಗೆ ಮಾರುಹೋಗಿದ್ದ ನಮ್ಮ ಯಜಮಾನರು, ಇನ್ನು ಮುಂದೆ ಅದನ್ನು ಮನೆಯಲ್ಲಿಯೇ, ಅದೂ ಚೆಟ್ಟಿನಾಡು ಶೈಲಿಯಲ್ಲಿ, ಮೊಟ್ಟೆಯ ಹಂಗಿಲ್ಲದೆ ಹಾಲಿನಿಂದಲೇ ಕ್ರೀಮ್ ಮಾಡಿ ತಯಾರಿಸುವುದಾಗಿ ಘೋಷಿಸಿದರು. ಮಂಡ್ಯದಲ್ಲಿ ಹುಟ್ಟಿ, ಕೋಳಿಯೆಂದರೆ ಸಾರು, ಸಾರೆಂದರೆ ಮುದ್ದೆ ಎಂಬ ನಂಬಿಕೆಯಲ್ಲಿ ಬೆಳೆದವರ ಬಾಯಲ್ಲಿ ಈ ಮಾತು ಬಂದಾಗಲೇ ನಾನು ಮೇಜಿನ ಮೇಲೆ ಹಳೆಯ ಪೇಪರು ಹಾಸಿದೆ.

ಹಾಲಿನ ಕ್ರೀಮಿನ ಶಾಸ್ತ್ರ ಸರಳವಾಗಿದೆ. ತಣ್ಣನೆಯ ಹಾಲಿಗೆ ಅದರ ಎರಡರಷ್ಟು ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಮಿಕ್ಸಿಯಲ್ಲಿ ತಿರುಗಿಸಿದರೆ, ಹಾಲಿನ ಪ್ರೋಟೀನು ಎಣ್ಣೆಯ ಹನಿಗಳನ್ನು ಸುತ್ತುವರಿದು ಒಂದಕ್ಕೊಂದು ಕೂಡದಂತೆ ತಡೆಯುತ್ತದೆ. ಕೊನೆಗೆ ನಿಂಬೆರಸ ಹಿಂಡಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಹಾಲು ತಣ್ಣಗಿರಬೇಕೆಂಬ ಷರತ್ತನ್ನು ವಿಧಿಸಿದವರು ಮೇ ತಿಂಗಳ ಅಗ್ನಿ ನಕ್ಷತ್ರವೆಂಬ ಕಡುಬೇಸಿಗೆಯ ದಿನಗಳಲ್ಲಿ ಚೆನ್ನೈಯಲ್ಲಿದ್ದವರಲ್ಲ. ಫ್ರಿಜ್ಜಿನಿಂದ ತೆಗೆದ ಹಾಲು ಕಟ್ಟೆಯ ಮೇಲೆಯೇ ಬೆಚ್ಚಗಾಯಿತು, ಮಿಕ್ಸಿಯ ಜಾರು ತಿರುಗಿ ತಿರುಗಿ ಅದಕ್ಕೆ ಮತ್ತಷ್ಟು ಕಾವು ಕೊಟ್ಟಿತು, ಯಜಮಾನರು ಧಾರೆ ಎಂಬುದನ್ನು ಉದಾರವಾಗಿ ಅರ್ಥೈಸಿ ಎಣ್ಣೆಯನ್ನು ಒಮ್ಮೆಲೇ ಸುರಿದರು. ಕೆಳಗೆ ಹಾಲು, ಮೇಲೆ ಎಣ್ಣೆ, ಎರಡಕ್ಕೂ ಮಾತಿಲ್ಲ ಕತೆಯಿಲ್ಲ.

ಒಡೆದದ್ದನ್ನು ಚೆಲ್ಲಬೇಕಾಗಿಲ್ಲ, ಜಾರನ್ನು ಫ್ರೀಜರಿನಲ್ಲಿಟ್ಟು ತಣಿಸಿ, ಹೊಸದಾಗಿ ಸ್ವಲ್ಪ ತಣ್ಣನೆಯ ಹಾಲು ಹಾಕಿ, ಒಡೆದದ್ದನ್ನು ಚಮಚ ಚಮಚವಾಗಿ ಸೇರಿಸುತ್ತಾ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಂಡಿತು ಕೂಡ. ಆದರೆ ತಮಿಳು ಶೈಲಿಗೆ ನಿಷ್ಠರಾಗಿ ಅವರು ಬಳಸಿದ್ದು ಗಾಣದ ಎಳ್ಳೆಣ್ಣೆಯಾದ್ದರಿಂದ ಮನೆಯೆಲ್ಲ ನರಕ ಚತುರ್ದಶಿಯ ಬೆಳಗಿನ ಬಚ್ಚಲಮನೆಯಂತೆ ನಾರತೊಡಗಿತು. ಮಗಳು ಕೋಣೆಯಿಂದ ಹೊರಬಂದು, “ಅಪ್ಪಾ, ಇವತ್ತು ಯಾರಿಗೆ ಎಣ್ಣೆಸ್ನಾನ?” ಎಂದು ಗಂಭೀರವಾಗಿಯೇ ವಿಚಾರಿಸಿದಳು.

ಮಸಾಲೆಯ ವಿಷಯದಲ್ಲಿ ಮಾತ್ರ ಅವರನ್ನು ದೂರುವಂತಿಲ್ಲ. ಕರಿಮೆಣಸು, ಸೋಂಪು, ಒಣಮೆಣಸಿನಕಾಯಿ, ಮರಾಠಿ ಮೊಗ್ಗು ಎಲ್ಲವನ್ನೂ ಹದವಾಗಿ ಹುರಿದರು. ಕಲ್ಲುಹೂವನ್ನು ತಟ್ಟೆಯ ಅಂಚಿಗೆ ಬೇರೆಯಾಗಿ ಇಟ್ಟಿದ್ದರು, ಅದನ್ನು ಕೆಲಸದಾಕೆ ತರಕಾರಿಯ ಕಸವೆಂದು ಬಗೆದು ಬುಟ್ಟಿಗೆ ಹಾಕಿದ್ದಳು. ಸಣ್ಣ ಈರುಳ್ಳಿ, ಕರಿಬೇವು ಬಾಡಿ ಕೋಳಿ ಬೇಯುತ್ತಿದ್ದಂತೆ ಅದು ನೀರು ಬಿಟ್ಟುಕೊಂಡಿತು, ಮತ್ತು ಇಲ್ಲಿಯೇ ಮಂಡ್ಯ ಎಚ್ಚೆತ್ತಿತು. ರುಚಿಯೆಲ್ಲ ಇರುವುದೇ ಆ ರಸದಲ್ಲಿ, ಅದನ್ನು ಬತ್ತಿಸುವುದು ಪಾಪ ಎಂದು ವಾದಿಸಿದ ಯಜಮಾನರು ಕುದಿಯುತ್ತಿದ್ದ ಕೋಳಿಯನ್ನು ರಸದ ಸಮೇತ ಕ್ರೀಮಿಗೆ ಬಗ್ಗಿಸಿದರು. ಅಷ್ಟು ಹೊತ್ತು ಒಲಿಸಿ ಒಟ್ಟುಗೂಡಿಸಿದ್ದ ಹಾಲು ಎಣ್ಣೆಗಳು ಬಿಸಿ ತಾಗಿದ ಕೂಡಲೇ ಮತ್ತೆ ಬೇರೆಯಾದುವು. ಅದನ್ನೇ ಬ್ರೆಡ್ಡಿಗೆ ತುಂಬಿದಾಗ ಕೆಳಗಿನ ಹೋಳು ತಟ್ಟೆಯಲ್ಲಿಯೇ ಉಳಿದು, ಮೇಲಿನದೊಂದೇ ಕೈಗೆ ಬಂತು.

ಎಳ್ಳೆಣ್ಣೆಯ ವಾಸನೆ ಹಿಡಿದು ಬಂದರು, ನಾವೆಲ್ಲ ಆಚಿ ಎಂದು ಕರೆಯುವ ಎದುರುಮನೆಯಾಕೆ. ಅವರು ಚೆಟ್ಟಿನಾಡಿನ ಕಾರೈಕುಡಿಯವರು. ಬಾಗಿಲಲ್ಲಿಯೇ ನಿಂತು, “ಎನ್ನಮ್ಮಾ ಇದು?” ಎಂದು ನನ್ನನ್ನು ಕೇಳಿದರು, ನಾನು ಬೆರಳನ್ನು ಯಜಮಾನರ ಕಡೆಗೆ ತೋರಿಸಿದೆ. ಉಳಿದ ಕೋಳಿಯನ್ನು ಬಾಣಲೆಯ ಬದಿಯಲ್ಲಿ ಎಣ್ಣೆ ಬಿಡುವವರೆಗೂ ಹುರಿಸಿ, ಪೂರ್ತಿ ಆರಿಸಿ, ಎಳೆಎಳೆಯಾಗಿ ಬಿಡಿಸಿ, ಆಮೇಲೆ ಮಾತ್ರ ಕ್ರೀಮಿಗೆ ಬೆರೆಸಲು ಅವರು ಅಪ್ಪಣೆ ಮಾಡಿದರು. ಈ ಸಲದ ಕ್ರೀಮು ಕಡಲೆಕಾಯಿ ಎಣ್ಣೆಯದು. ಬ್ರೆಡ್ಡಿನ ಎರಡೂ ಹೋಳುಗಳಿಗೆ ಅಂಚಿನವರೆಗೆ ಬೆಣ್ಣೆ ಸವರಬೇಕೆಂದದ್ದು ರುಚಿಗಲ್ಲ, ಬೆಣ್ಣೆಯ ಪದರವನ್ನು ದಾಟಿ ನೀರು ಬ್ರೆಡ್ಡಿಗೆ ಇಳಿಯುವುದಿಲ್ಲವೆಂಬ ಕಾರಣಕ್ಕೆ. ಹೀಗೆ ತಯಾರಾದ ಸ್ಯಾಂಡ್‌ವಿಚ್ಚು ಕತ್ತರಿಸಿದರೂ ಕುಸಿಯಲಿಲ್ಲ. ಮೊದಲು ತಂಪಾದ ಕ್ರೀಮು, ಅದರ ಹಿಂದೆಯೇ ಗಂಟಲಿಗೆ ಮೆಣಸಿನ ಖಾರ.

ಯಜಮಾನರು ಫೋಟೋ ತೆಗೆಯುವ ಹೊತ್ತಿಗೆ ಆಚಿ ತಮ್ಮ ಪಾಲನ್ನು ಮುಗಿಸಿ, ಬಾಣಲೆಗೆ ಅಂಟಿದ್ದ ಕಪ್ಪನೆಯ ಮಸಾಲೆಯನ್ನೇ ನೋಡುತ್ತಾ, ಮನೆಯಲ್ಲಿ ಅನ್ನ ಇದೆಯೇ ಎಂದು ಕೇಳಿದರು. ಇತ್ತು. ಬಿಸಿ ಅನ್ನವನ್ನು ಬಾಣಲೆಗೇ ಹಾಕಿ, ಕೆರೆದು ಕಲಸಿ, ಎಲ್ಲರಿಗೂ ಒಂದೊಂದು ಉಂಡೆ ಕೊಟ್ಟರು. ಸ್ಯಾಂಡ್‌ವಿಚ್ಚುಗಳನ್ನು ನಾವು ಅದಕ್ಕೆ ನಂಚಿಕೊಂಡೆವು.