ಮಲಗಿದಂತೆ ನಟಿಸುವ ಲ್ಯಾಪ್‌ಟಾಪ್

ರಾತ್ರಿ 80 ಪರ್ಸೆಂಟ್ ಚಾರ್ಜ್ ಇರುವಾಗ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪು. ಬೆಳಿಗ್ಗೆ ಮೀಟಿಂಗಿನಲ್ಲಿ ಎಲ್ಲರೂ ನಮ್ಮ ಮುಖವನ್ನೇ ನೋಡುತ್ತಿರುವಾಗ ಹೊರಗೆ ತೆಗೆದರೆ ತಳ ಬಿಸಿ, ಫ್ಯಾನು ಏದುಸಿರು ಬಿಡುತ್ತಿದೆ, ಚಾರ್ಜು 9ಕ್ಕೆ ಇಳಿದಿದೆ. ಯಾರೂ ಮುಟ್ಟಿಲ್ಲ. ಜಿಪ್ ಹಾಕಿದ ಬ್ಯಾಗಿನ ಕತ್ತಲಲ್ಲಿ ಕೂತು ರಾತ್ರಿಯಿಡೀ ಅದೇನು ಕಡಿದು ಕಟ್ಟೆ ಹಾಕಿತೋ! ಕೇಳಿದರೆ ಅದರದ್ದು ಒಂದೇ ಉತ್ತರ: ಮಲಗಿದ್ದೆ.

ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು ಅನ್ನುತ್ತಾರಲ್ಲ, ಲ್ಯಾಪ್‌ಟಾಪಿನ ವಿಷಯದಲ್ಲಿ ಅದು ತಿರುಗಾಮುರುಗಾ. ಎಬ್ಬಿಸುವುದಕ್ಕೆ ಏನೂ ಕಷ್ಟವಿಲ್ಲ, ಮಲಗಿಸುವುದೇ ಆಗದ ಹೋಗದ ಮಾತು. ಹೆಸರಿಗೇನೋ ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಅಂತ ಮೂರು ದಾರಿಗಳಿವೆ. ಒಂದರ ಹೆಸರಿನಲ್ಲಿ ಇನ್ನೊಂದು ನಡೆಯುತ್ತದೆ, ಅಷ್ಟೇ. ಆ ಮೂರನೇ ಹೆಸರಂತೂ ಶುದ್ಧ ಸುಳ್ಳು. ಅದಕ್ಕೆ ಆಮೇಲೆ ಬರೋಣ.

ಮೊದಲು ಸ್ಲೀಪ್. ರ‍್ಯಾಮ್ ಅನ್ನುವ ತಾತ್ಕಾಲಿಕ ನೆನಪಿನ ಚಿಪ್ಪು ಭಯಂಕರ ಮರೆಗುಳಿ. ಅದರೊಳಗಿನ ಪ್ರತಿ ಸಾಲನ್ನೂ ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ಮತ್ತೆ ನೆನಪಿಸುತ್ತಿರಬೇಕು, ಇಲ್ಲದಿದ್ದರೆ ನಿಮ್ಮ ಅರ್ಧ ಬರೆದ ವರದಿ ಗೋವಿಂದ. ಆದ್ದರಿಂದ ಸ್ಲೀಪಿನಲ್ಲಿ ಎಲ್ಲವನ್ನೂ ಆರಿಸಿ ರ‍್ಯಾಮಿಗೆ ಮಾತ್ರ ತೊಟ್ಟು ತೊಟ್ಟು ಕರೆಂಟು ಕೊಡುತ್ತಿದ್ದರು. ಕಂಪ್ಯೂಟರಿನ ಕರೆಂಟು ಬಳಕೆಗೆಂದು 1996ರಲ್ಲಿ ಬಂದ ಎಸಿಪಿಐ ಎಂಬ ನಿಯಮಾವಳಿಯಲ್ಲಿ ಇದಕ್ಕೆ ಎಸ್3 ಎಂದು ಹೆಸರು. ಮುಚ್ಚಳ ಮುಚ್ಚಿದರೆ ಪ್ರೊಸೆಸರ್ ಸತ್ತಂತೆ ಬಿದ್ದಿರುತ್ತಿತ್ತು, ತೆರೆದರೆ ಎರಡು ಸೆಕೆಂಡಿನಲ್ಲಿ ಎದ್ದು ಕೂರುತ್ತಿತ್ತು. ಯಾರಿಗೂ ದೂರಿರಲಿಲ್ಲ.

ಚೆನ್ನಾಗಿರುವುದನ್ನು ಸುಮ್ಮನೆ ಬಿಡುವುದು ಈ ಉದ್ಯಮದ ಜಾಯಮಾನವಲ್ಲ. ಫೋನು ಜೇಬಿನಲ್ಲಿ ಮಲಗಿದ್ದೇ ಮೇಲ್ ತರಿಸಿಕೊಳ್ಳುತ್ತದಲ್ಲ, ಲ್ಯಾಪ್‌ಟಾಪೂ ಹಾಗೇ ಮಾಡಲಿ ಎಂದು ಯಾರಿಗೋ ಹೊಳೆಯಿತು. ಹಾಗೆ ಬಂದದ್ದು ಮಾಡರ್ನ್ ಸ್ಟ್ಯಾಂಡ್‌ಬೈ. ಇದರಲ್ಲಿ ಯಂತ್ರ ಮಲಗುವುದಿಲ್ಲ, ಸ್ಕ್ರೀನ್ ಆರಿಸಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತದೆ. ಆಗಾಗ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ಬಂತಾ ಎಂದು ವಿಚಾರಿಸುತ್ತದೆ, ಮತ್ತೆ ಒರಗುತ್ತದೆ. ಎಲ್ಲ ಸರಿಯಿದ್ದರೆ ರಾತ್ರಿಗೆ ನಾಲ್ಕೈದು ಪರ್ಸೆಂಟ್ ಹೋದೀತು. ಆದರೆ ವೈಫೈಯನ್ನು ನಡೆಸುವ ಡ್ರೈವರೋ, ಸಿಂಕ್ ಮಾಡುವ ಯಾವುದೋ ತಂತ್ರಾಂಶವೋ ಹಟ ಹಿಡಿದರೆ ಮುಗಿಯಿತು, ಬೆಳಗಿನವರೆಗೂ ಜಾಗರಣೆ. ಅದೂ ಗಾಳಿಯಾಡದ ಬ್ಯಾಗಿನಲ್ಲಿ.

ನಿಮ್ಮದು ಯಾವ ಜಾತಿಯ ನಿದ್ದೆ ಎಂದು ತಿಳಿಯಬೇಕೆ? ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ ಸ್ಲ್ಯಾಷ್ ಎ’ ಎಂದು ಕೊಡಿ. ಸಿಗುವ ಪಟ್ಟಿಯಲ್ಲಿ ‘ಸ್ಟ್ಯಾಂಡ್‌ಬೈ ಎಸ್3’ ಇದ್ದರೆ ನೀವು ಪುಣ್ಯವಂತರು. ‘ಎಸ್0 ಲೋ ಪವರ್ ಐಡಲ್’ ಎಂದಿದ್ದರೆ ನಿಮ್ಮದೂ ನಟಿಸುವ ಗುಂಪಿಗೇ ಸೇರಿದ್ದು. ಆಗ ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ ಸ್ಲ್ಯಾಷ್ ಸ್ಲೀಪ್‌ಸ್ಟಡಿ’ ಕೊಟ್ಟರೆ, ಕಳೆದ ಕೆಲವು ದಿನ ಅದು ಯಾವಾಗ ಒರಗಿತು, ಎಷ್ಟು ಬ್ಯಾಟರಿ ತಿಂದಿತು, ಎದ್ದು ಕೂರುವಂತೆ ಮಾಡಿದ್ದು ಯಾರು ಎಂಬುದೆಲ್ಲ ಬ್ರೌಸರಿನಲ್ಲಿ ತೆರೆಯುವ ಒಂದು ವರದಿಯಾಗಿ ಸಿಗುತ್ತದೆ. ಓದಿ ಸಿಟ್ಟು ಮಾಡಿಕೊಳ್ಳುವುದಕ್ಕೆ ಒಳ್ಳೆಯ ಸಾಮಗ್ರಿ. ಇನ್ನೊಂದು ಸಣ್ಣ ಉಪಾಯವಿದೆ. ಬ್ಯಾಗಿಗೆ ಹಾಕುವುದಾದರೆ ಮೊದಲು ಚಾರ್ಜರ್ ತೆಗೆಯಿರಿ, ಆಮೇಲೆ ಮುಚ್ಚಳ ಮುಚ್ಚಿ. ಹಿಂದುಮುಂದಾದರೆ ಕೆಲವು ಯಂತ್ರಗಳು ಇನ್ನೂ ಚಾರ್ಜರಿನಲ್ಲೇ ಇದ್ದೇವೆ ಎಂದುಕೊಂಡು ಧಾರಾಳವಾಗಿ ಕೆಲಸ ಮುಂದುವರಿಸುತ್ತವೆ.

ಇಷ್ಟೆಲ್ಲ ತಾಪತ್ರಯಕ್ಕೆ ಮದ್ದು ಹೈಬರ್ನೇಟ್. ರ‍್ಯಾಮಿನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ನಿಜವಾಗಿಯೂ ಆರುತ್ತದೆ. ವಾರ ಬಿಟ್ಟು ತೆಗೆದರೂ ತೆರೆದಿಟ್ಟ ಕಿಟಕಿಗಳು ತೆರೆದಂತೆಯೇ, ಕರ್ಸರ್ ಆ ಸಾಲಿನಲ್ಲೇ, ಬ್ಯಾಟರಿಯೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಉಪಕಾರಿಯಾದದ್ದು ಮೆನುವಿನಲ್ಲಿ ಎದ್ದು ಕಾಣಬೇಕಿತ್ತು ತಾನೆ? ವಿಂಡೋಸ್ 8ರಿಂದೀಚೆಗೆ ಅದನ್ನು ತೆಗೆದು ಒಳಮನೆಗೆ ತಳ್ಳಿದ್ದಾರೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪವರ್ ಆಪ್ಷನ್ಸ್ ತೆರೆದು, ಎಡಗಡೆ ಪವರ್ ಬಟನ್ ಏನು ಮಾಡಬೇಕು ಎಂದು ಕೇಳುವ ಕೊಂಡಿ ಒತ್ತಿ, ‘ಸದ್ಯಕ್ಕೆ ಲಭ್ಯವಿಲ್ಲದ ಸೆಟ್ಟಿಂಗ್’ಗಳನ್ನು ಬದಲಿಸುತ್ತೇನೆ ಎಂದು ಇನ್ನೊಂದು ಕೊಂಡಿಗೆ ಅಡ್ಮಿನ್ ಅನುಮತಿ ಕೊಟ್ಟು, ಕೆಳಗೆ ಮಸುಕಾಗಿ ಕೂತಿರುವ ಹೈಬರ್ನೇಟ್ ಎದುರು ಟಿಕ್ ಹಾಕಿ, ಸೇವ್ ಮಾಡಬೇಕು. ಅಲ್ಲಿ ಆ ಹೆಸರೇ ಕಾಣದಿದ್ದರೆ ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ ಸ್ಲ್ಯಾಷ್ ಎಚ್ ಆನ್’ ಕೊಟ್ಟು ಮತ್ತೆ ಮೊದಲಿನಿಂದ ಶುರು. ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬ ಪಟ್ಟಿಯೂ ಅದೇ ಪುಟದಲ್ಲಿದೆ. ಬ್ಯಾಟರಿ ಮೇಲಿದ್ದಾಗ ಹೈಬರ್ನೇಟ್, ಚಾರ್ಜರಿನಲ್ಲಿದ್ದಾಗ ಸ್ಲೀಪ್ ಎಂದು ಇಟ್ಟುಬಿಟ್ಟರೆ ಅರ್ಧ ಗೋಳು ಅಲ್ಲಿಗೇ ಮುಗಿಯಿತು.

ಹೈಬರ್ನೇಟ್ ಅಂದರೆ ಎಸ್‌ಎಸ್‌ಡಿ ಎಂಬ ಚಿಪ್ಪಿನ ಡಿಸ್ಕ್ ಸವೆದುಹೋಗುತ್ತದೆ ಎಂದು ಹೆದರಿಸುವವರು ಎಲ್ಲ ಕಡೆ ಇದ್ದಾರೆ. ಲೆಕ್ಕ ಹಾಕೋಣ. 16 ಜಿಬಿ ರ‍್ಯಾಮ್ ಇದ್ದರೆ ವಿಂಡೋಸ್ ಅದರ 40 ಪರ್ಸೆಂಟಿನಷ್ಟು, ಅಂದರೆ 6.4 ಜಿಬಿಯ ಒಂದು ಫೈಲನ್ನು ಸಿ ಡ್ರೈವಿನಲ್ಲಿ ಮೀಸಲಿಡುತ್ತದೆ. ಅದನ್ನು ದಿನಕ್ಕೊಮ್ಮೆ ಪೂರ್ತಿ ಬರೆದರೂ ವರ್ಷಕ್ಕೆ ಎರಡೂವರೆ ಟೆರಾಬೈಟ್ ದಾಟುವುದಿಲ್ಲ. 500 ಜಿಬಿಯ ಎಷ್ಟೋ ಎಸ್‌ಎಸ್‌ಡಿಗಳಿಗೆ ತಯಾರಕರು ಕೊಡುವ ಭರವಸೆ 300 ಟೆರಾಬೈಟ್ ಬರೆಯುವವರೆಗೆ. ನೂರು ವರ್ಷದ ಮಾತಾಯಿತು. ಅಷ್ಟರಲ್ಲಿ ಎಸ್‌ಎಸ್‌ಡಿಯ ಚಿಂತೆ ಮಾಡುವುದಕ್ಕೆ ನಾವಿರಬೇಕಲ್ಲ.

ಈಗ ಶಟ್‌ಡೌನ್.

ಪ್ರತಿ ಆಫೀಸಿನಲ್ಲೂ ಒಬ್ಬ ಶಿಸ್ತಿನ ಮನುಷ್ಯ ಇರುತ್ತಾರೆ. ಸಂಜೆಯಾದರೆ ಒಂದೊಂದೇ ಕಿಟಕಿ ಮುಚ್ಚುತ್ತಾರೆ, ಫೈಲುಗಳನ್ನು ಎರಡೆರಡು ಸಲ ಸೇವ್ ಮಾಡುತ್ತಾರೆ, ಸ್ಟಾರ್ಟ್ ಮೆನುವಿಗೆ ಹೋಗಿ ವಿಧಿವತ್ತಾಗಿ ಶಟ್‌ಡೌನ್ ಒತ್ತುತ್ತಾರೆ, ದೀಪ ಆರುವ ತನಕ ಎದುರಿಗೇ ನಿಂತಿರುತ್ತಾರೆ. ಪಕ್ಕದವರು ಮುಚ್ಚಳ ಬಡಿದು ಎದ್ದು ಹೋಗುವುದನ್ನು ಕಂಡರೆ ಅವರಿಗೆ ಒಳಗೊಳಗೇ ಹೇವರಿಕೆ. ಒಂದು ದಿನ ಈ ಮಹಾನುಭಾವರ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ಪ್ರಿಂಟರ್ ಕಾಣುವುದಿಲ್ಲ, ಬ್ಲೂಟೂತ್ ಮಾತು ಕೇಳುವುದಿಲ್ಲ. ಐಟಿ ಹುಡುಗ ಬರುತ್ತಾನೆ.

“ಸರ್, ಕೊನೇ ಸಲ ಶಟ್‌ಡೌನ್ ಮಾಡಿದ್ದು ಯಾವಾಗ?”

“ನಿನ್ನೆ ಸಂಜೆ. ದಿನಾ ಮಾಡ್ತೀನಪ್ಪ.” ದನಿಯಲ್ಲಿ ಹೆಮ್ಮೆ.

ಹುಡುಗ ಮಾತಾಡದೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒತ್ತಿ, ಸಿಪಿಯು ಪುಟದ ಕೆಳಗಿರುವ ಅಪ್ ಟೈಮ್ ಎಂಬ ಅಂಕಿಯ ಮೇಲೆ ಬೆರಳಿಡುತ್ತಾನೆ. 41 ದಿನ, 6 ಗಂಟೆ.

“ಸರ್, ನಲವತ್ತೊಂದು ದಿನದಿಂದ ಇದು ಆಫೇ ಆಗಿಲ್ಲ.”

“ನಾನೇ ಆಫ್ ಮಾಡಿದ್ದೀನಿ ಕಣಯ್ಯ! ದೀಪ ಆರಿದ್ದನ್ನ ಕಣ್ಣಾರೆ ನೋಡಿದ್ದೀನಿ!”

“ಇರಬಹುದು ಸರ್. ಆದ್ರೆ ಇಲ್ಲಿ ಹಾಗೆ ತೋರಿಸ್ತಿಲ್ಲ.”

ಆ ‘ಇರಬಹುದು ಸರ್’ನಲ್ಲಿರುವ ಅವಮಾನ ಸಾಮಾನ್ಯದ್ದಲ್ಲ. ಸುತ್ತ ಮುತ್ತ ನಾಲ್ಕು ತಲೆಗಳು ಕುರ್ಚಿಯಿಂದ ಮೇಲೇಳುತ್ತವೆ. ಮುಚ್ಚಳ ಬಡಿಯುವ ಪಕ್ಕದವರಂತೂ ಕರ್ಚೀಫಿನ ಮರೆಯಲ್ಲಿ ನಗುತ್ತಿದ್ದಾರೆ. ಅವರ ಅಪ್ ಟೈಮ್ ಬರೀ ಎರಡು ದಿನ, ಏಕೆಂದರೆ ಮೊನ್ನೆ ಅವರ ಯಂತ್ರ ಕೈಕೊಟ್ಟು ತಾನಾಗಿಯೇ ರೀಸ್ಟಾರ್ಟ್ ಆಗಿತ್ತು. ಶಿಸ್ತಿಗೆ 41, ಸೋಮಾರಿತನಕ್ಕೆ 2. ಶಿಸ್ತಿನ ಮನುಷ್ಯರು ಇನ್ನೂ ವಾದಿಸುತ್ತಲೇ ಇರುತ್ತಾರೆ. ಹುಡುಗ ವಿನಯದಿಂದ ತಲೆಯಾಡಿಸುತ್ತಾನೆ, ನಂಬುವುದು ಮಾತ್ರ ಅಂಕಿಯನ್ನು.

ಪಾಪ, ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಹೇಳಿದ್ದು ಬಟನ್. 2012ರಲ್ಲಿ ವಿಂಡೋಸ್ 8ರ ಜೊತೆ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂತು. ಅಂದಿನಿಂದ ಶಟ್‌ಡೌನ್ ಒತ್ತಿದರೆ ನಿಮ್ಮ ಕಿಟಕಿಗಳು ಮುಚ್ಚುತ್ತವೆ, ನೀವು ಲಾಗೌಟ್ ಆಗುತ್ತೀರಿ. ಆದರೆ ಒಳಗಿರುವ ಕರ್ನಲ್ (ವಿಂಡೋಸಿನ ತಿರುಳು) ಮತ್ತು ಡ್ರೈವರುಗಳನ್ನು ಹೊಸದಾಗಿ ಶುರು ಮಾಡುವ ಬದಲು ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು, ಮರುದಿನ ಹಾಗೇ ಎತ್ತಿಕೊಳ್ಳುತ್ತದೆ. ಅಂದರೆ ಅದು ಅರ್ಧ ಹೈಬರ್ನೇಟ್. ಮೆನುವಿನಿಂದ ಓಡಿಸಿದ ಹೈಬರ್ನೇಟೇ ವೇಷ ಮರೆಸಿಕೊಂಡು ಶಟ್‌ಡೌನ್ ಹೆಸರಿನಲ್ಲಿ ಕೂತಿದೆ! ನಿನ್ನೆ ಕೆಟ್ಟ ಬ್ಲೂಟೂತ್ ಡ್ರೈವರ್ ಇಂದೂ ಕೆಟ್ಟೇ ಇರುವುದು ಅದಕ್ಕೇ.

ನಿಜವಾಗಿ ಎಲ್ಲವನ್ನೂ ಕೆಡವಿ ಹೊಸದಾಗಿ ಎಬ್ಬಿಸುವುದು ರೀಸ್ಟಾರ್ಟ್. ಪೂರ್ತಿ ಆರಬೇಕೆಂದು ಶಟ್‌ಡೌನ್ ಒತ್ತಿದರೆ ಪೂರ್ತಿ ಆರುವುದಿಲ್ಲ, ಆರಿಸುವ ಮನಸ್ಸೇ ಇಲ್ಲದೆ ರೀಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ಆರಿ ಏಳುತ್ತದೆ. ಇದನ್ನು ವಿನ್ಯಾಸ ಮಾಡಿದವರು ಮನೆಯಲ್ಲೂ ಹೀಗೇ ಮಾತಾಡುತ್ತಾರೇನೋ. ಅಪ್ಪಟ ಶಟ್‌ಡೌನ್ ಬೇಕಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಬೇಕು. ಅಥವಾ ಹೈಬರ್ನೇಟ್ ಟಿಕ್ ಮಾಡಿದ ಆ ಪುಟದಲ್ಲೇ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಬೇಕು. ಹಳೆಯ ಹಾರ್ಡ್ ಡಿಸ್ಕ್ ಕಾಲದಲ್ಲಿ ಅದರಿಂದ ಸಮಯ ಉಳಿಯುತ್ತಿತ್ತು, ಎಸ್‌ಎಸ್‌ಡಿ ಇರುವವರು ತೆಗೆದರೆ ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ಒಂದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇಟ್ಟುಕೊಂಡವರಂತೂ ತೆಗೆಯಲೇಬೇಕು. ವಿಂಡೋಸ್ ಅರೆನಿದ್ದೆಯಲ್ಲಿರುವಾಗ ಆ ಕಡೆಯಿಂದ ಅದರ ಡ್ರೈವ್ ತೆರೆದರೆ ಓದಲು ಸಿಕ್ಕೀತು, ಬರೆಯಲು ಸಿಗುವುದಿಲ್ಲ. ಒತ್ತಾಯದಿಂದ ಬರೆದರೆ ಫೈಲುಗಳಿಗೇ ಸಂಚಕಾರ.

‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಒತ್ತಿ ಹೋದವರಿಗೆ ಮರುದಿನ ಆರಿದ ಯಂತ್ರದ ಬದಲು ಲಾಗಿನ್ ಪರದೆ ಸ್ವಾಗತ ಕೋರುತ್ತಿದ್ದ ಕಾಯಿಲೆ ಬೇರೆ. ಅದಕ್ಕೆ ವಿಂಡೋಸ್ 11ರಲ್ಲಿ ಮದ್ದು ಬಂದದ್ದು 2025ರ ಅಕ್ಟೋಬರಿನಲ್ಲಿ.

ಮ್ಯಾಕ್‌ಬುಕ್ ಇರುವವರು ಇಷ್ಟು ಓದಿ ನಗುತ್ತಿರಬಹುದು. ಮುಚ್ಚಳದ ವಿಷಯದಲ್ಲಿ ಅವರು ಸುಖಿಗಳು, ಒಪ್ಪಬೇಕು. ಆದರೆ ಶಟ್‌ಡೌನ್ ಮಾಡಿ, ಕೀಬೋರ್ಡ್ ಒರೆಸೋಣವೆಂದು ಮುಚ್ಚಳ ತೆರೆದ ಕ್ಷಣವೇ ಅದು ಆನ್ ಆಗುತ್ತದೆ. ಚಾರ್ಜರ್ ಚುಚ್ಚಿದರೂ ಆನ್. ಅವರ ಯಂತ್ರ ಸರಿಯಾಗಿ ಮಲಗುತ್ತದೆ, ಸಾಯಲು ಒಪ್ಪುವುದಿಲ್ಲ. ಇನ್ನು ಲಿನಕ್ಸಿನವರು ಹೈಬರ್ನೇಟ್ ಬೇಕೆಂದರೆ ರ‍್ಯಾಮಿನಷ್ಟು ಜಾಗವನ್ನು ಡಿಸ್ಕಿನಲ್ಲಿ ಸ್ವಾಪ್ ಎಂದು ಬಿಟ್ಟುಕೊಡಬೇಕು. ಸಹಿಯಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಬಹಳಷ್ಟು ಲಿನಕ್ಸ್‌ಗಳಲ್ಲಿ ಕರ್ನಲ್ಲೇ ಅಡ್ಡಗಾಲು ಹಾಕುತ್ತದೆ. ಅವರಿಗೆ ಇಂಥದ್ದೆಲ್ಲ ಅಭ್ಯಾಸವಿದೆ, ಬಿಡಿ.

ಮಲಗಿಬಿಟ್ಟರೆ ಎಂಬ ಭಯದ್ದೂ ಒಂದು ಪಂಗಡವಿದೆ. ಒಂದು ಮೀಟಿಂಗ್ ರೂಮಿನಿಂದ ಇನ್ನೊಂದಕ್ಕೆ ಹೋಗುವಾಗ ಮುಚ್ಚಳದ ನಡುವೆ ಬೆರಳು ತೂರಿಸಿಕೊಂಡು, ಬಾಯಿ ತೆರೆದ ಮೊಸಳೆ ಹಿಡಿದವರಂತೆ ಹುಷಾರಾಗಿ ನಡೆಯುತ್ತಾರೆ. ಮುಚ್ಚಳಕ್ಕೆ ‘ಡೂ ನಥಿಂಗ್’ ಎಂಬ ಆಯ್ಕೆಯೂ ಇದೆ, ಬೆರಳಿಗೆ ವಿಶ್ರಾಂತಿ ಸಿಕ್ಕೀತು. ಹಾಗೆ ಇಟ್ಟು ಮರೆತು ಬ್ಯಾಗಿಗೆ ಹಾಕಿದರೆ ಮಾತ್ರ ಮೊದಲ ಪ್ಯಾರಾ ಮತ್ತೊಮ್ಮೆ ಓದಿಕೊಳ್ಳಿ.

ಒಂದು ಕಾಲಕ್ಕೆ ಕಂಪ್ಯೂಟರಿಗೆ ನಿಜವಾದ ಸ್ವಿಚ್ಚಿತ್ತು. ವಿಂಡೋಸ್ 95ರಲ್ಲಿ ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳು ಮೂಡುತ್ತಿದ್ದವು: ಇನ್ನು ಕಂಪ್ಯೂಟರ್ ಆರಿಸಿದರೆ ಅಪಾಯವಿಲ್ಲ. ತನ್ನ ಕೆಲಸ ಮುಗಿಸಿ ಅದು ನಮಗಾಗಿ ಕಾಯುತ್ತಿತ್ತು. ನಾವು ಕೈ ಚಾಚಿ ಸ್ವಿಚ್ಚು ಒತ್ತಿದರೆ ಟಕ್ ಎಂಬ ಸದ್ದು, ಫ್ಯಾನು ಸೋತು ನಿಲ್ಲುವ ಸದ್ದು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತೆಂದು ಕಿವಿಗೂ ಗೊತ್ತಾಗುತ್ತಿತ್ತು. ಈಗಿನ ಪವರ್ ಬಟನ್ ಬರೀ ವಿನಂತಿ ಪತ್ರ. ಯಂತ್ರ ಅದನ್ನು ಸ್ವೀಕರಿಸಿ, ಪರಿಶೀಲಿಸಿ, ತನಗೆ ತೋಚಿದ್ದನ್ನು ಮಾಡುತ್ತದೆ. ಕನಿಷ್ಠ ನಾಲ್ಕು ಸೆಕೆಂಡು, ಕೆಲವದರಲ್ಲಿ ಹತ್ತಕ್ಕೂ ಹೆಚ್ಚು, ಒತ್ತಿ ಹಿಡಿದರೆ ಮಾತ್ರ ಆಜ್ಞೆ. ಅದೂ ಯಂತ್ರ ಕಲ್ಲಾಗಿ ನಿಂತಾಗ ಮಾಡುವ ಕೆಲಸ, ಸೇವ್ ಮಾಡದ್ದೆಲ್ಲ ಹೋಗುತ್ತದೆ.

ನಾವೂ ಸಾಚಾ ಅಲ್ಲ ಅನ್ನಿ. ಶಟ್‌ಡೌನ್ ಮಾಡದಿರುವುದಕ್ಕೆ ಅಸಲಿ ಕಾರಣ ಬ್ರೌಸರಿನಲ್ಲಿ ತೆರೆದಿಟ್ಟ ಅರವತ್ತು ಟ್ಯಾಬುಗಳು. ಒಂದಲ್ಲ ಒಂದು ದಿನ ಓದುತ್ತೇವೆ ಎಂದು ಇಟ್ಟ ಲೇಖನ, ಕಲಿಯುತ್ತೇವೆ ಎಂದುಕೊಂಡ ಕೋರ್ಸು, ಉತ್ತರ ಬರೆಯಬೇಕಾದ ಹಳೆಯ ಗೆಳೆಯರ ಮೇಲ್. ಮುಚ್ಚಿದರೆ ಮತ್ತೆ ತೆರೆಯುವುದಿಲ್ಲವೆಂದು ನಮಗೆ ಗೊತ್ತಿದೆ.

ಮಲಗಿಸಿದ್ದು ತಾನಾಗಿ ಎದ್ದರೆ ಎಬ್ಬಿಸಿದ್ದು ಯಾರೆಂದು ಹೇಳಲೂ ಒಂದು ಕಮಾಂಡ್ ಇದೆ, ‘ಪವರ್‌ಸಿಎಫ್‌ಜಿ ಸ್ಲ್ಯಾಷ್ ಲಾಸ್ಟ್‌ವೇಕ್’. ಎಷ್ಟೋ ಸಲ ಅದು ಕೊಡುವ ಮಾಹಿತಿ ‘ವೇಕ್ ಹಿಸ್ಟರಿ ಕೌಂಟ್ ಸೊನ್ನೆ’. ಎದ್ದದ್ದು ನಿಜ, ಎಬ್ಬಿಸಿದವರು ಯಾರೂ ಇಲ್ಲ. ಅದನ್ನು ಬಿಟ್ಟು ‘ಪವರ್‌ಸಿಎಫ್‌ಜಿ ಸ್ಲ್ಯಾಷ್ ಡಿವೈಸ್‌ಕ್ವೆರಿ ವೇಕ್ ಅಂಡರ್‌ಸ್ಕೋರ್ ಆರ್ಮ್ಡ್’ ಕೊಡಿ. ಎಬ್ಬಿಸುವ ಅಧಿಕಾರ ಯಾರ‍್ಯಾರಿಗಿದೆ ಎಂಬ ಪಟ್ಟಿ ಸಿಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಮೌಸ್ ಇದ್ದೇ ಇರುತ್ತದೆ. ವೈರ್‌ಲೆಸ್ ಮೌಸಿನ ಡಾಂಗಲ್ ಲ್ಯಾಪ್‌ಟಾಪಿಗೇ ಚುಚ್ಚಿದೆ, ಮೌಸೂ ಅದೇ ಬ್ಯಾಗಿನಲ್ಲಿದೆ. ನೀವು ಹೆಜ್ಜೆ ಹಾಕಿದಾಗಲೆಲ್ಲ ಮೌಸ್ ಅಲುಗುತ್ತದೆ, ಲ್ಯಾಪ್‌ಟಾಪ್ ‘ಹೇಳಿ’ ಎಂದು ಎದ್ದು ಕೂರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ಎಬ್ಬಿಸಲು ಅನುಮತಿ ಕೊಡುವ ಟಿಕ್ ತೆಗೆಯಿರಿ. ಆ ಟ್ಯಾಬೇ ಇಲ್ಲದಿದ್ದರೆ ಮೌಸನ್ನು ಬೋರಲು ಹಾಕಿ ನೋಡಿ. ಹೊಟ್ಟೆಯ ಮೇಲೆ ಸಣ್ಣದೊಂದು ಸ್ವಿಚ್ಚಿರುತ್ತದೆ, ಪಕ್ಕದಲ್ಲಿ ಆಫ್ ಎಂದು ಬರೆದಿರುತ್ತದೆ. ಸರಿಸಿದರೆ ಆಶ್ಚರ್ಯ, ಆಫೇ ಆಗುತ್ತದೆ.