ಗೋಧಿ ಬಿಡಿಸೋ ಮೊದಲು

ನನ್ನ ತಂಗಿ ಮಗಳಿಗೆ ಆರು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಐರನ್ ಟಾನಿಕ್ ಎಷ್ಟು ಬಾಟಲಿ ಮುಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. "ಜಂತುಹುಳ ಕಣೇ, ಔಷಧಿ ಹಾಕ್ಸು" ಅಂದವರಲ್ಲಿ ನಾನೂ ಒಬ್ಬಳು.

ತಂಗಿ ಯಾವುದೋ ರೀಲ್ಸ್ ನೋಡಿ ಗೋಧಿ, ಮೈದಾ, ರವೆ ಎಲ್ಲ ಬಂದ್ ಮಾಡಿದಳು. ಎರಡೇ ತಿಂಗಳಲ್ಲಿ ಮಗು ಗೆಲುವಾಯ್ತು. ಆಮೇಲೆ ತೋರಿಸೋಕೆ ಹೋದರೆ ಡಾಕ್ಟ್ರು ತಲೆ ಚಚ್ಕೊಳ್ಳೋದೊಂದು ಬಾಕಿ. ಗೋಧಿ ಕರುಳಿಗೆ ಆಗದ ಸೀಲಿಯಾಕ್ ಅನ್ನೋ ಕಾಯಿಲೆಗೆ ಮಾಡೋ ಟಿಟಿಜಿ ಅನ್ನೋ ರಕ್ತಪರೀಕ್ಷೆ, ಮಗು ಗೋಧಿ ತಿನ್ನುತ್ತಿದ್ದರೆ ಮಾತ್ರ ನಂಬೋ ಹಾಗಿರುತ್ತೆ. ಬಿಟ್ಟರೆ ಆ ಪರೀಕ್ಷೆ ರಕ್ತದಲ್ಲಿ ಹುಡುಕೋ ಆ್ಯಂಟಿಬಾಡಿ ಇಳಿಯುತ್ತೆ, ಕರುಳಿನ ಗಾಯ ವಾಸಿಯಾಗ್ತಾ ಬರುತ್ತೆ. ಕಾಯಿಲೆ ಇದ್ದೂ ರಿಪೋರ್ಟಲ್ಲಿ ಇಲ್ಲ ಅಂತ ಬರಬಹುದು. ಸರಿ, ಹುಷಾರಾದ ಮಗೂಗೆ ವಾರಗಟ್ಟಲೆ ಮತ್ತೆ ಚಪಾತಿ. "ದೊಡ್ಡಮ್ಮಾ, ಅರ್ಧ ಸಾಕಾ?" ಅಂತ ಹೊಟ್ಟೆ ಒತ್ತಿಕೊಂಡು ಕೇಳ್ತಿತ್ತು.

ರಕ್ತಪರೀಕ್ಷೆ, ಎಂಡೋಸ್ಕೋಪಿ ಎರಡರಲ್ಲೂ ಸೀಲಿಯಾಕ್ ಅಂತಲೇ ಬಂತು. ಸಣ್ಣ ಕರುಳಿನ ಒಳಮೈ ಮಖಮಲ್ ಬಟ್ಟೆ ಥರ ಜುಂಗು ಜುಂಗಾಗಿರುತ್ತಂತೆ. ಗೋಧಿ, ಬಾರ್ಲಿಯಲ್ಲಿರೋ ಗ್ಲುಟನ್ ಅನ್ನೋ ಪ್ರೋಟೀನ್ ಸೋಕಿದಾಗ ಇಂಥವರ ರೋಗನಿರೋಧಕ ಶಕ್ತಿಯೇ ಆ ಜುಂಗನ್ನ ಸವೆಸಿಬಿಡುತ್ತೆ. ಟಾನಿಕ್ ಮೈಗೆ ಹತ್ತೋದಾದ್ರೂ ಎಲ್ಲಿಂದ?

ತಂಗೀನ ಪೂರ್ತಿ ಬೈಯೋಕೂ ಆಗಲ್ಲ. ಗೋಧಿಯ ಕಳ್ಳತನ ಸಿಕ್ಕಿಬಿದ್ದಿದ್ದೂ ಅದು ತಟ್ಟೆಯಿಂದ ಮರೆಯಾದಾಗಲೇ. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸಲ್ಲಿ ಬ್ರೆಡ್ಡೇ ಸಿಗದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆಗೆ ಮೊದಲಿಂದ ಇದ್ದ ಅನುಮಾನ ಗಟ್ಟಿಯಾಯ್ತು. ಆದ್ರೆ ಆಗ ರಕ್ತಪರೀಕ್ಷೆ ಇರಲಿಲ್ಲ, ಈಗಿದೆ.

ಹಾಗಂತ ಹೊಟ್ಟೆ ನೋವು ಅಂದ ಮಕ್ಕಳಿಗೆಲ್ಲ ಗ್ಲುಟನ್ ಫ್ರೀ ಬಿಸ್ಕತ್ತು ತರಬೇಡಿ, ದುಡ್ಡು ದಂಡ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಿಗೆ ಇರೋ ಕಾಯಿಲೆ ನಮ್ಮ ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಮ್ಮಿ. ಇದೆ ಅಂತ ಗೊತ್ತಾದರೆ ಮಾತ್ರ ಜೀವನಪೂರ್ತಿ ಪಥ್ಯ. ಚಪಾತಿ ಬಿಡೋದು ಅದರಲ್ಲಿ ಸುಲಭದ ಕೆಲಸ. ರಾಗಿ, ಜೋಳ, ಅಕ್ಕಿ ಇದ್ದೇ ಇದೆಯಲ್ಲ. ನಮ್ಮನ್ನ ಸುಸ್ತು ಮಾಡಿದ್ದು ಫ್ಲೋರ್ ಮಿಲ್. ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿ ಸುರೀತಾರೆ. ಬಾರ್ಲಿ ಇರೋ ಮಾಲ್ಟ್ ಪುಡಿಯೂ ಆಗಲ್ಲ. ಎಲ್ಲಕ್ಕಿಂತ ದೊಡ್ಡ ಮೋಸ ಇಂಗು! ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟೋ ಮೈದಾನೋ ಸೇರಿರುತ್ತೆ. ಅಮ್ಮ ಈಗ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕ್ತಾರೆ, ಗೊಣಗಿಕೊಂಡೇ.

ಮೊನ್ನೆ ಮದುವೆ ಊಟದಲ್ಲಿ ಪುಟ್ಟಿ ಎಲೆಗೆ ಕೈ ಅಡ್ಡ ಹಿಡಿದು ಬಡಿಸೋರನ್ನ ಕೇಳಿದಳು, "ಮಾಮ, ಸಾರಿಗೆ ಇಂಗು ಹಾಕಿದೀರಾ?"

"ಓಹೋ, ಜಾಸ್ತೀನೇ ಹಾಕಿದೀವಿ ಪುಟ್ಟಿ!" ಅಂದ್ರು ಅವರು, ಹೆಮ್ಮೆಯಿಂದ.